ಬೀದರಿನಿಂದ ತ್ವೇರಿನವರೆಗೆ: ರಷ್ಯನ್ ಭಾಷೆಯಲ್ಲಿ ಪದವಿ ಓದಿದ ನನ್ನ ಅನುಭವ

ಪಿಯುಸಿ ಮುಗಿಸಿ, ರಷ್ಯನ್ ಭಾಷೆಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎ. ಆನರ್ಸ್ ಓದಲು ನಾನು ಬೀದರಿನಿಂದ ದೆಹಲಿಗೆ ಹೊರಟಾಗ ಆ ಭಾಷೆಯ ಒಂದಕ್ಷರವೂ ನನಗೆ ತಿಳಿದಿರಲಿಲ್ಲ. ಅಪ್ಪ ಶಾಲೆಗೆ ಹೋಗುವಾಗ ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಗಳನ್ನು ಪಠ್ಯಪುಸ್ತಕಗಳಿಗೆ ರಟ್ಟು ಹಾಕಲು ಬಳಸುತ್ತಿದ್ದರಂತೆ; ನಮ್ಮ ಮನೆಗೂ ರಷ್ಯಾಕ್ಕೂ ಇದ್ದ ನಂಟು ಅಷ್ಟೇ. ನಾನು ಸೇರಿದ್ದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ರಷ್ಯನ್ ಅಧ್ಯಯನ ಕೇಂದ್ರಕ್ಕೆ. 1965ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಆರಂಭವಾಗಿ ಮುಂದೆ ವಿಶ್ವವಿದ್ಯಾಲಯದೊಳಗೆ ಸೇರಿಕೊಂಡ ಈ ಕೇಂದ್ರದಲ್ಲಿ ಭಾಷೆಯನ್ನು ಮೊದಲ ಅಕ್ಷರದಿಂದ ಕಲಿಸುತ್ತಾರೆ. ಹೀಗಾಗಿ ಹಳ್ಳಿಯಿಂದ ಬಂದವರೂ ಮಹಾನಗರದ ಶಾಲೆಗಳಲ್ಲಿ ಓದಿದವರೂ ಮೊದಲ ದಿನ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ. ನನ್ನಂಥವನಿಗೆ ಇದು ಎಷ್ಟು ದೊಡ್ಡ ಧೈರ್ಯ ಕೊಟ್ಟಿತೆಂಬುದನ್ನು ಇಂದಿಗೂ ಮರೆತಿಲ್ಲ.

ಲಿಪಿಯಲ್ಲಿ 33 ಅಕ್ಷರಗಳು: 21 ವ್ಯಂಜನ, 10 ಸ್ವರ, ತಮಗೆ ತಾವೇ ಯಾವ ಧ್ವನಿಯೂ ಇಲ್ಲದ ಎರಡು ಚಿಹ್ನೆ. ಅಚ್ಚಿನ ಅಕ್ಷರಗಳನ್ನು ಗುರುತಿಸಲು ಒಂದು ವಾರ ಸಾಕಾಯಿತು; ಕೈಬರಹವನ್ನು ಓದಲು ಮೂರು ತಿಂಗಳು ಹಿಡಿಯಿತು. ಕೂಡಿಸಿ ಬರೆದಾಗ 'ತ'ಕಾರವು ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುತ್ತದೆ. 'ಶ', 'ಇ', 'ಲ' ಅಕ್ಷರಗಳು ಒಟ್ಟಿಗೆ ಬಂದರೆ ಸಾಲು ಬೇಲಿಯಂತೆ ಒಂದೇ ಬಗೆಯ ಗೆರೆಗಳು ನಿಂತಿರುತ್ತವೆ. ಉಚ್ಚಾರಣೆಯಲ್ಲಿ ಕನ್ನಡದ ಬಾಯಿಗೆ ಒಂದು ಅನುಕೂಲವಿದೆ, ಆದರೆ ಅದನ್ನು ನಾವೇ ಕಳೆದುಕೊಳ್ಳುತ್ತೇವೆ. ರಷ್ಯನ್ನಿನ ತ ಮತ್ತು ದ ನಮ್ಮ ದಂತ್ಯಾಕ್ಷರಗಳಂತೆಯೇ ಇವೆ. ಆದರೂ ವಿದೇಶಿ ಭಾಷೆಯೆಂದರೆ ಇಂಗ್ಲಿಷಿನ ಜಾಡಿನಲ್ಲೇ ನಾಲಿಗೆ ಮಡಚುವ ಅಭ್ಯಾಸದಿಂದ, 'ಹೌದು' ಎಂಬರ್ಥದ 'ದಾ' ಎಂಬುದನ್ನು ನಾವೆಲ್ಲ 'ಡಾ' ಎನ್ನುತ್ತಿದ್ದೆವು. ನಿಜವಾಗಿ ಕಷ್ಟವಾದದ್ದು ವ್ಯಂಜನಗಳ ಮೃದು ಮತ್ತು ಕಠಿಣ ಭೇದ. 'ಬ್ರಾತ್' ಎಂದರೆ ಸಹೋದರ. ಕೊನೆಯ ತಕಾರವನ್ನು ಮೃದುಗೊಳಿಸಿ, ಅದರ ಹಿಂದೆ ಒಂದು ಯಕಾರದ ನೆರಳು ಬೀಳುವಂತೆ ಹೇಳಿದರೆ 'ತೆಗೆದುಕೊಳ್ಳುವುದು' ಎಂಬ ಕ್ರಿಯಾಪದವಾಗುತ್ತದೆ. ನಮ್ಮಲ್ಲಿಲ್ಲದ ಒಂದು ಸ್ವರವೂ ಅಲ್ಲಿದೆ. 'ಉ' ಎನ್ನುತ್ತಾ ನಾಲಿಗೆಯನ್ನು ಅಲ್ಲೇ ಹಿಡಿದು ತುಟಿಗಳನ್ನು ಮಾತ್ರ ಅಗಲಿಸಿದರೆ ಅದು ಹೆಚ್ಚುಕಡಿಮೆ ದಕ್ಕುತ್ತದೆ. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ನಾನು ಅದನ್ನು ಕಲಿತೆ.

ಪದದಲ್ಲಿ ಯಾವ ಸ್ವರದ ಮೇಲೆ ಒತ್ತು ಬೀಳುತ್ತದೆ ಎಂಬುದಕ್ಕೆ ರಷ್ಯನ್ನಿನಲ್ಲಿ ಸುಲಭವಾದ ನಿಯಮವಿಲ್ಲ, ಅಚ್ಚಾದ ಪುಟದಲ್ಲಿ ಅದರ ಗುರುತೂ ಇರುವುದಿಲ್ಲ. ಒತ್ತು ಸರಿದರೆ ಅರ್ಥವೇ ಬದಲಾಗುತ್ತದೆ: ಮೊದಲ ಸ್ವರವನ್ನು ಒತ್ತಿ 'ಮೂಕ' ಎಂದರೆ ಯಾತನೆ, ಎರಡನೆಯದನ್ನು ಒತ್ತಿ 'ಮುಕಾ' ಎಂದರೆ ಹಿಟ್ಟು. ಒತ್ತಿಲ್ಲದ ಒಕಾರವು ಅಕಾರದತ್ತ ಜಾರುವುದರಿಂದ ಮೂರು ಒಕಾರಗಳಿಂದ ಬರೆದ ಹಾಲಿನ ಹೆಸರನ್ನು 'ಮಲಕೋ' ಎನ್ನುತ್ತಾರೆ. ಇಂಗ್ಲಿಷ್ ಮಾತಿನ ಒತ್ತನ್ನು ಹೋಲಿಸಿಕೊಂಡು ಕಲಿಯಲು ಒಂದು ಇಡೀ ಸೆಮಿಸ್ಟರ್ ಹೆಣಗಿದೆ. ಕೊನೆಗೆ ಹೊಸ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಒತ್ತಿರುವ ಸ್ವರಕ್ಕೆ ದೀರ್ಘ, ಉಳಿದವುಗಳಿಗೆ ಹ್ರಸ್ವ ಹಾಕತೊಡಗಿದೆ. ರಷ್ಯನ್ ಒತ್ತಿನಲ್ಲಿ ಸ್ವರ ನಿಜಕ್ಕೂ ಉದ್ದವಾಗುವುದರಿಂದ, ಹ್ರಸ್ವ–ದೀರ್ಘಗಳಲ್ಲಿ ಪಳಗಿದ ಕಿವಿಗೆ ಈ ದಾರಿ ಒಗ್ಗಿತು. ಆ ನೋಟ್‌ಪುಸ್ತಕ ಇನ್ನೂ ನನ್ನ ಬಳಿಯಿದೆ.

ಅಲ್ಲಿಂದಾಚೆಗೆ ನನ್ನ ಓದಿನ ದಿಕ್ಕೇ ಬದಲಾಯಿತು. ರಷ್ಯನ್ನಿನ ಆರು ವಿಭಕ್ತಿಗಳನ್ನು ಕಂಡು ನನ್ನ ಸಹಪಾಠಿಗಳು ಅಂಜುತ್ತಿದ್ದರು. ನಾನೂ ಮೊದಲು ಕೋಷ್ಟಕಗಳನ್ನು ಉರು ಹೊಡೆಯುತ್ತ, ಪ್ರತಿ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸಿ ಮತ್ತೆ ರಷ್ಯನ್ನಿಗೆ ತರುತ್ತಿದ್ದೆ. ಹಾಗೆ ತಂದಾಗಲೆಲ್ಲ ವಾಕ್ಯ ಸೊಟ್ಟಗಾಗುತ್ತಿತ್ತು. ಒಂದು ಸಂಜೆ 'ಮ್ನೇ ಖೋಲದ್ನ' ಎಂಬ ಎರಡು ಪದಗಳ ವಾಕ್ಯವನ್ನು ನೋಡುತ್ತಾ ಕುಳಿತಿದ್ದಾಗ, ಅದು ಅಕ್ಷರಶಃ 'ನನಗೆ ಚಳಿ' ಎಂಬುದು ಹೊಳೆಯಿತು. 'ನಾನು ಚಳಿಯಾಗಿದ್ದೇನೆ' ಎಂದು ಕನ್ನಡದವರಾರೂ ಹೇಳುವುದಿಲ್ಲ, ರಷ್ಯನ್ನರೂ ಹೇಳುವುದಿಲ್ಲ. ಎರಡೂ ಕಡೆ ಅನುಭವಿಸುವವನು ಚತುರ್ಥಿಯಲ್ಲಿ ನಿಲ್ಲುತ್ತಾನೆ. ನನಗೆ ಇಪ್ಪತ್ತು ವರ್ಷ, ನನಗೆ ಇಷ್ಟ, ನನಗೆ ಬೇಕು ಎಂಬವೆಲ್ಲ ಅದೇ ಅಚ್ಚಿನಲ್ಲಿ ಬಂದವು. 'ನನ್ನ ಹತ್ತಿರ ಪುಸ್ತಕ ಇದೆ' ಎನ್ನಲು ರಷ್ಯನ್ನರು 'ಉ ಮಿನ್ಯಾ ಯೇಸ್ತ್ ಕ್ನೀಗ' ಎನ್ನುತ್ತಾರೆ; ಅಲ್ಲಿಯೂ ಒಡೆತನದ ಕ್ರಿಯಾಪದವಿಲ್ಲ, ಹತ್ತಿರವಿರುವುದಷ್ಟೇ ಇದೆ. 'ಅವನು ವೈದ್ಯ' ಎಂಬ ವಾಕ್ಯದಲ್ಲಿ ನಾವು ಕ್ರಿಯಾಪದ ಬಳಸದಂತೆಯೇ ಅವರೂ ಬಳಸುವುದಿಲ್ಲ. ಕನ್ನಡ ದ್ರಾವಿಡ ಭಾಷೆ, ರಷ್ಯನ್ ಸ್ಲಾವ್ ಭಾಷೆ, ಇವು ರಕ್ತಸಂಬಂಧಿಗಳಲ್ಲ. ಆದರೂ ಇಂಗ್ಲಿಷಿಗೆ ಇಲ್ಲದ ಈ ಸಾಮ್ಯಗಳು ನಮ್ಮ ಮುಂದಿರುವಾಗ, ನಡುವೆ ಇಂಗ್ಲಿಷನ್ನು ಕೂರಿಸಿಕೊಂಡು ಕಲಿಯುವುದು ಹೊಳೆಯ ಪಕ್ಕದಲ್ಲಿದ್ದೂ ಕೊಡ ಹೊತ್ತು ಊರು ಸುತ್ತಿದಂತೆ ಎಂದು ನನಗೆ ಅನಿಸಿತು.

ಸಂಸ್ಕೃತದ ಮೂಲಕ ಬಂದ ಹೋಲಿಕೆಗಳ ವಿಷಯದಲ್ಲಿ ಮಾತ್ರ ನಾನು ಎಚ್ಚರವಾಗಿದ್ದೆ. ಅಗ್ನಿ–ಅಗೋನ್, ಮಧು–ಮ್ಯೋದ್, ಹಿಮ–ಜಿಮಾ, ದ್ವಾರ–ದ್ವೇರ್ ಎಂಬ ಜೋಡಿಗಳು ಒಂದೇ ಇಂಡೋ–ಯುರೋಪಿಯನ್ ಮೂಲದವು ಎಂಬುದು ನಿಜ. ಆದರೆ ಇವುಗಳ ಪಟ್ಟಿ ಮಾಡುತ್ತಾ ಕುಳಿತರೆ ಪುಳಕ ಬರುತ್ತದೆಯೇ ಹೊರತು ಭಾಷೆ ಬರುವುದಿಲ್ಲ.

ಕನ್ನಡದ ಸಾಮ್ಯ ಮೋಸಗೊಳಿಸುವ ಜಾಗಗಳೂ ಇವೆ. 'ಕತ್ತಿಯಿಂದ ಕೊಯ್ದೆ', 'ಊರಿನಿಂದ ಬಂದೆ' ಎಂಬಲ್ಲಿ ನಮಗೆ ಒಂದೇ 'ಇಂದ' ಸಾಕು. ರಷ್ಯನ್ನಿನಲ್ಲಿ ಮೊದಲನೆಯದು ಸಾಧನವನ್ನು ಹೇಳುವ ತೃತೀಯೆಗೆ ಸೇರುತ್ತದೆ. ಎರಡನೆಯದಕ್ಕೆ ಪಂಚಮಿ ಎಂಬುದೇ ಇಲ್ಲದ್ದರಿಂದ ಒಂದು ಅವ್ಯಯವನ್ನು ಮುಂದಿಟ್ಟು ಷಷ್ಠಿಯನ್ನು ಬಳಸಬೇಕು. ಎರಡು ವರ್ಷ ನನ್ನ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿ ಬಿದ್ದದ್ದು ಹೆಚ್ಚಾಗಿ ಇಲ್ಲೇ. ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ ಎಂಬ ಲಿಂಗವ್ಯವಸ್ಥೆಯೂ ಅರ್ಥವನ್ನು ನೋಡಿ ಲಿಂಗ ಹೇಳುವ ನಮಗೆ ಪರಕೀಯವೇ. ಎರಡು, ಮೂರು, ನಾಲ್ಕರ ಮುಂದೆ ನಾಮಪದ ಷಷ್ಠಿಯ ಏಕವಚನದಲ್ಲಿ, ಐದರಿಂದ ಇಪ್ಪತ್ತರವರೆಗೆ ಷಷ್ಠಿಯ ಬಹುವಚನದಲ್ಲಿ ಬರಬೇಕೆಂಬ ನಿಯಮವನ್ನು ಅಂಗಡಿಯಲ್ಲಿ ಎಣಿಸಿ ಎಣಿಸಿಯೇ ಕಲಿಯಬೇಕು.

ಆದರೆ ಈ ಭಾಷೆಯ ಹೃದಯ ಇರುವುದು ಚಲನೆಯ ಕ್ರಿಯಾಪದಗಳಲ್ಲಿ ಎಂದು ನಾನು ನಂಬಿದ್ದೇನೆ. ಮೊದಲ ವರ್ಷದ ರಜೆಗೆ ಹೊರಟಾಗ 'ಊರಿಗೆ ಹೋಗುತ್ತಿದ್ದೇನೆ' ಎಂದು ಅಧ್ಯಾಪಕಿಯೊಬ್ಬರಿಗೆ ಹೇಳಿದೆ. ಅವರು 'ದೆಹಲಿಯಿಂದ ಬೀದರಿಗೆ ಕಾಲ್ನಡಿಗೆಯಲ್ಲಿಯೇ?' ಎಂದು ಕೇಳಿದರು. ನಡೆದು ಹೋಗುವುದಕ್ಕೆ ಒಂದು ಧಾತು, ವಾಹನದಲ್ಲಿ ಹೋಗುವುದಕ್ಕೆ ಇನ್ನೊಂದು. ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಒಂದು, ಹೋಗಿ ಬಂದು ಮಾಡುವುದಾದರೆ ಅಥವಾ ರೂಢಿಯಾಗಿದ್ದರೆ ಮತ್ತೊಂದು. ಇವುಗಳಿಗೆ ಉಪಸರ್ಗ ಸೇರಿದಾಗ ಒಳಹೊಕ್ಕ, ಹೊರಬಿದ್ದ, ದಾಟಿದ, ತಲುಪಿದ, ಹಾದುಹೋಗುವಾಗ ಇಣುಕಿ ಬಂದ ಎಂಬ ಭೇದಗಳೆಲ್ಲ ಒಂದೊಂದೇ ಪದದಲ್ಲಿ ಅಡಗುತ್ತವೆ. ಕಚೇರಿಗೆ ಫೋನ್ ಮಾಡಿದಾಗ 'ವಿಷೆಲ್' ಎಂದರೆ ಅವರು ಹೊರಗೆ ಹೋಗಿದ್ದಾರೆ, ಸ್ವಲ್ಪ ಹೊತ್ತಿನಲ್ಲಿ ಬರುತ್ತಾರೆ ಎಂದರ್ಥ. 'ಉಷೋಲ್' ಎಂದರೆ ಹೊರಟೇ ಹೋದರು, ಕಾಯುವುದರಲ್ಲಿ ಅರ್ಥವಿಲ್ಲ. ನಾನು ಇದನ್ನು ಕಲಿತದ್ದು ಕೋಷ್ಟಕದಿಂದಲ್ಲ. ಪ್ರತಿದಿನ ರಾತ್ರಿ ಅಂದಿನ ನನ್ನ ಓಡಾಟವನ್ನೆಲ್ಲ ಹತ್ತು ವಾಕ್ಯಗಳಲ್ಲಿ ರಷ್ಯನ್ನಿನಲ್ಲಿ ಬರೆಯುತ್ತಿದ್ದೆ: ಹಾಸ್ಟೆಲಿನಿಂದ ಹೊರಟೆ, ಗ್ರಂಥಾಲಯದವರೆಗೆ ನಡೆದೆ, ದಾರಿಯಲ್ಲಿ ಢಾಬಾಕ್ಕೆ ಹೊಕ್ಕು ಬಂದೆ. ಒಂದೂವರೆ ವರ್ಷ ತಪ್ಪದೆ ಹೀಗೆ ಬರೆದ ಮೇಲೆ, ಹೋಗುವ ಕ್ರಿಯೆಗೆ ಪದ ಹುಡುಕುವ ಕೆಲಸ ನಿಂತಿತು.

ಮೂರನೆಯ ವರ್ಷದ ಹೊತ್ತಿಗೆ ವಿದೇಶೀಯರಿಗಾಗಿ ನಡೆಸುವ ರಷ್ಯನ್ ಭಾಷಾ ಪರೀಕ್ಷೆಯ ಮೊದಲ ಪ್ರಮಾಣಪತ್ರದ ಹಂತವನ್ನು ಮುಗಿಸಿದೆ. ಸುಮಾರು 2300 ಪದಗಳ ಸಂಗ್ರಹವನ್ನು ಅಪೇಕ್ಷಿಸುವ ಈ ಪರೀಕ್ಷೆಯ ಐದು ಭಾಗಗಳಲ್ಲಿ ಕೇಳಿ ಅರ್ಥಮಾಡಿಕೊಳ್ಳುವ ಭಾಗವೇ ನನಗೆ ಕಷ್ಟವಾಯಿತು. ಬಳಿಕ ಮಾಸ್ಕೋದ ಪುಷ್ಕಿನ್ ಸಂಸ್ಥೆಯಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ದೊರೆಯಿತು. ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ನಾನು ಅಲ್ಲಿನ ಬಾಗಿಲುಗಳ ಬಳಿ ಕಲಿತೆನೆನ್ನಬೇಕು. ಕಟ್ಟಡದೊಳಗೆ ಹೋಗುತ್ತಲೇ ಚಳಿಗಾಲದ ಕೋಟನ್ನು ಕಳಚಿ ಒಪ್ಪಿಸುವ ಕೋಣೆಯಿದೆ. ಅಲ್ಲಿ ಕೂರುತ್ತಿದ್ದ ಅಜ್ಜಿ, ನನ್ನ ಕೋಟಿನ ಕೊರಳಪಟ್ಟಿಯಲ್ಲಿ ತೂಗುಹಾಕುವ ಕುಣಿಕೆ ಹರಿದಿರುವುದನ್ನು ಕಂಡು ಗದರಿ, ಮರುದಿನ ತಾವೇ ಸೂಜಿದಾರ ತಂದು ಹೊಲಿದುಕೊಟ್ಟರು. ಮೊದಲ ದಿನ ನನ್ನನ್ನು 'ವಿ' ಎಂದು ಬಹುವಚನದಲ್ಲಿ ಕರೆದವರು ಅಂದಿನಿಂದ 'ತಿ' ಎಂದು ಏಕವಚನಕ್ಕೆ ಇಳಿದರು. ನೀವು ಎನ್ನುವುದರಿಂದ ನೀನು ಎನ್ನುವುದಕ್ಕೆ ಬರುವಾಗ ಎದೆಯಲ್ಲಿ ಆಗುವ ಬದಲಾವಣೆಯನ್ನು ಕನ್ನಡದವನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಒಬ್ಬ ಸಹಪಾಠಿಯ ಮನೆಗೆ ಹೋದಾಗ, ಹೂವು ಕೊಡುವುದಾದರೆ ಬೆಸಸಂಖ್ಯೆಯಲ್ಲಿ ಕೊಡಬೇಕು, ಸಮಸಂಖ್ಯೆ ಸತ್ತವರಿಗೆ ಎಂದು ಮೊದಲೇ ತಿಳಿದುಕೊಂಡಿದ್ದೆ. ಬಾಗಿಲ ಬಳಿ ಅವನ ತಾಯಿಯ ಕೈಗೆ ಹೂವನ್ನು ಕೊಡಲು ಹೋದಾಗ ಅವರು ಹಿಂದೆ ಸರಿದು, 'ಹೊಸ್ತಿಲ ಮೇಲಿಂದ ಬೇಡ, ಒಳಗೆ ಬಾ' ಎಂದರು. ನಮ್ಮ ಮನೆಯಲ್ಲಿಯೂ ಹೊಸ್ತಿಲಿನ ಆಚೆ ನಿಂತು ಯಾರೂ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಪಾದರಕ್ಷೆ ಕಳಚಿಟ್ಟು ಮನೆಯ ಚಪ್ಪಲಿ ಮೆಟ್ಟಿ ಒಳಗೆ ಹೋದೆ. ಸಸ್ಯಾಹಾರಿಯೆಂದು ತಿಳಿದು ಅವರು ಬೆಣ್ಣೆ ಹಾಕಿದ, ಗ್ರೇಚ್ಕ ಎಂಬ ಕಾಳಿನ ಅಂಬಲಿ, ಕಪ್ಪು ರೊಟ್ಟಿ ಮತ್ತು ನಮ್ಮ ಹುಳಿ ಮಜ್ಜಿಗೆಯನ್ನು ನೆನಪಿಸುವ ಕೆಫೀರ್ ಕೊಟ್ಟರು. ನಾನು ಭಾರತಕ್ಕೆ ಹಿಂದಿರುಗುವ ದಿನ ಅವರೆಲ್ಲರೂ ಪೆಟ್ಟಿಗೆಯ ಸುತ್ತ ಒಂದು ನಿಮಿಷ ಮಾತಿಲ್ಲದೆ ಕುಳಿತರು. ಪ್ರಯಾಣಕ್ಕೆ ಮುನ್ನ ಹಾಗೆ ಕೂರುವುದು ಅವರ ಪದ್ಧತಿ. ಆ ನಿಮಿಷದ ಮೌನ ಯಾವ ಪಠ್ಯದಲ್ಲಿಯೂ ಸಿಗಲಿಲ್ಲ.

ಪದವಿಯಿಂದ ಬದುಕು ನಡೆಯುತ್ತದೆಯೇ ಎಂದು ಕೇಳುವವರಿಗೆ ನನ್ನ ಮಟ್ಟಿಗೆ ಉತ್ತರ ಹೇಳಬಲ್ಲೆ: ಯಂತ್ರಗಳ ಕೈಪಿಡಿಗಳನ್ನೂ ವೈದ್ಯಕೀಯ ದಾಖಲೆಗಳನ್ನೂ ಅನುವಾದಿಸುತ್ತೇನೆ, ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟ ನಮ್ಮ ಭಾಗದ ಮಕ್ಕಳಿಗೆ ಭಾಷೆ ಕಲಿಸುತ್ತೇನೆ. ಅವರಿಗೆ ಮೊದಲ ಪಾಠವೇ 'ನನಗೆ ಚಳಿ'.

ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಅಫನಾಸಿ ನಿಕಿತಿನನನ್ನು. ವೋಲ್ಗಾ ದಂಡೆಯ ತ್ವೇರ್ ನಗರದ ಈ ವ್ಯಾಪಾರಿ 1460ರ ದಶಕದ ಕೊನೆಯ ಭಾಗದಲ್ಲಿ ಹೊರಟು, ಪರ್ಷಿಯಾ ದಾಟಿ, ಬಹಮನಿಗಳ ರಾಜಧಾನಿಯಾಗಿದ್ದ ನಮ್ಮ ಬೀದರಿಗೆ ಬಂದು, ತಾನು ತಂದಿದ್ದ ಕುದುರೆಯನ್ನು ಅಲ್ಲಿ ಮಾರಿದ. ಮರಳುವ ದಾರಿಯಲ್ಲಿ, ತವರನ್ನು ಮುಟ್ಟುವ ಮೊದಲೇ, ಸ್ಮಲೇನ್ಸ್ಕ್ ಸಮೀಪ ತೀರಿಕೊಂಡ. ಅವನ ಬರವಣಿಗೆ ರಷ್ಯದ ಐತಿಹಾಸಿಕ ವೃತ್ತಾಂತಗಳಲ್ಲಿ ಸೇರಿ ಉಳಿಯಿತು. ಹಳೆಯ ರಷ್ಯನ್ನಿನ ಆ ಪುಟದಲ್ಲಿ 'ಬೇದೆರ್' ಎಂಬ ಪದವನ್ನು ಓದಿದ ಕ್ಷಣ ಐದು ವರ್ಷದ ವಿಭಕ್ತಿ ಕೋಷ್ಟಕಗಳೆಲ್ಲ ನನಗೆ ಸಾರ್ಥಕವೆನಿಸಿದವು. ನಾಡಿನಲ್ಲಿ ಜನ ತುಂಬಿದ್ದಾರೆ, ಹಳ್ಳಿಯವರು ತೀರ ಬಡವರು, ಬೊಯಾರರು ಮಾತ್ರ ಬಲಶಾಲಿಗಳೂ ವೈಭವದವರೂ ಆಗಿದ್ದಾರೆ ಎಂದು ಅವನು ಬರೆಯುತ್ತಾನೆ. ಸುಲ್ತಾನನ ಅಮೀರರನ್ನು ತನ್ನೂರಿನ ಸಿರಿವಂತರ ಹೆಸರಿನಿಂದಲೇ ಕರೆಯುತ್ತಾನೆ. ಅವನು 'ಮೆಲಿಕ್ ತುಚಾರ್' ಎನ್ನುವವನು ಮಹಮೂದ್ ಗಾವಾನ್. ಅವನ ಮದರಸಾದ ಮುಂದಿನ ರಸ್ತೆಯಲ್ಲೇ ನಾನು ಶಾಲೆಗೆ ನಡೆದದ್ದು. ಕುದುರೆಗಳಿಗೆ 'ಕಿಚಿರಿಸ್' ಬೇಯಿಸಿ ಹಾಕುತ್ತಾರೆ ಎಂಬಲ್ಲಿ ಖಿಚಡಿಯನ್ನು ಗುರುತಿಸಲು ನನಗೆ ಅಡಿಟಿಪ್ಪಣಿ ಬೇಕಾಗಲಿಲ್ಲ. ಶೇಖ್ ಅಲಾವುದ್ದೀನನ ಗೋರಿಯ ಬಳಿ ಆಳಂದದಲ್ಲಿ ವರ್ಷಕ್ಕೊಮ್ಮೆ ನೆರೆಯುವ, ಕುದುರೆಗಳು ಮಾರಾಟಕ್ಕೆ ಬರುವ ಸಂತೆಯ ವರ್ಣನೆಯನ್ನು ಓದುವಾಗ, ಲಾಡ್ಲೆ ಮಶಾಯಕ್ ದರ್ಗಾದ ಬಿಳಿ ಗುಮ್ಮಟ ಕಣ್ಣ ಮುಂದೆ ನಿಂತಿತು. ರಷ್ಯನ್ನಿನ ನಡುವೆ ತುರ್ಕಿ, ಪಾರಸಿ, ಅರಬ್ಬೀ ಮಾತುಗಳನ್ನು ಬೆರೆಸಿ ಬರೆಯುವ ಅವನ ರೀತಿಯನ್ನು ವಿದ್ವಾಂಸರು ಬಹಳವಾಗಿ ಚರ್ಚಿಸುತ್ತಾರೆ. ಕನ್ನಡ, ದಖನಿ, ಮರಾಠಿ, ತೆಲುಗು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಊರಿನವನಾದ ನನಗೆ ಅದು ಸಹಜವೆನಿಸಿತು.

ಅವನು ಸ್ಥಳೀಯರ ಜೊತೆಗೂಡಿ ಒಂದು ದೊಡ್ಡ ಯಾತ್ರಾಸ್ಥಳಕ್ಕೂ ಹೋಗಿಬಂದ. ಅದನ್ನು ರಷ್ಯನ್ನರ ಜೆರುಸಲೇಮಿಗೂ ಮುಸಲ್ಮಾನರ ಮೆಕ್ಕಾಕ್ಕೂ ಹೋಲಿಸಿ, ಭಾರತೀಯರು ಇದನ್ನು 'ಪರ್ವತ್' ಎನ್ನುತ್ತಾರೆ ಎಂದು ಬರೆದಿದ್ದಾನೆ. ನನ್ನ ಬಳಿಯಿದ್ದ ಆವೃತ್ತಿಯ ಟಿಪ್ಪಣಿಯಲ್ಲಿ ಇದು ಶ್ರೀಶೈಲ ಎಂದಿತ್ತು, ಜೊತೆಗೆ ಸಂಸ್ಕೃತದಲ್ಲಿ ಪರ್ವತವೆಂದರೆ ಬೆಟ್ಟ ಎಂಬ ವಿವರಣೆಯೂ ಇತ್ತು. ನಾನು ಅಂಚಿನಲ್ಲಿ ಒಂದು ಸಾಲು ಸೇರಿಸಿ, ಪ್ರಬಂಧದಲ್ಲಿಯೂ ಅದನ್ನು ಉಳಿಸಿಕೊಂಡೆ: ಬೀದರಿನ ಕಡೆಯವರು ಇಂದಿಗೂ ಶ್ರೀಶೈಲದ ದೇವರನ್ನು ಪರ್ವತ ಮಲ್ಲಯ್ಯ ಎನ್ನುತ್ತಾರೆ, ಮತ್ತು ನನ್ನ ಅಜ್ಜಿ ಆ ಯಾತ್ರೆಗೆ ಹೊರಡುವಾಗ 'ಪರ್ವತಕ್ಕೆ ಹೋಗಿ ಬರುತ್ತೇನೆ' ಎಂದೇ ಹೇಳುತ್ತಿದ್ದರು.