ಎರಡೂವರೆ ಮೂಟೆ ಬೀಜ, ನೂರು ಪೋಸ್ಟ್‌ಕಾರ್ಡು, ಒಂದು ಸಹಿ

ಹೋದ ವರ್ಷ ಒಬ್ಬ ಜನಪ್ರತಿನಿಧಿ ತಮ್ಮ ಲೆಟರ್‌ಹೆಡ್‌ನಲ್ಲಿ ನಮ್ಮ ಪತ್ರಕ್ಕೆ ಸಹಿ ಹಾಕಿದರು. ನರಮೇಧವನ್ನು, ಅಂದರೆ ಒಂದು ಜನಾಂಗವನ್ನೇ ಅಳಿಸಲು ನಡೆಸುವ ಕೊಲೆಯನ್ನು, ಪ್ರತ್ಯೇಕ ಅಪರಾಧ ಎಂದು ಹೇಳುವ ಕಾನೂನು ನಮ್ಮ ದೇಶದಲ್ಲೂ ಬೇಕು ಅನ್ನುವ ಒಂದು ಪುಟದ ಪತ್ರ. 'ಸಕಲೇಶಪುರದಲ್ಲಿ ಕೂತು ಇದೆಲ್ಲ ಆಗೋ ಮಾತಾ?' ಎಂದವರು ಬಹಳ ಜನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮನವಿ ಕೊಡೋದು, ಇನ್‌ವರ್ಡ್ ನಂಬರ್ ಹಾಕಿಸೋದು, ಪಿ.ಎ. ಹಿಂದೆ ಅಲೆಯೋದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಎಡವಿದ ಕಡೆಗೆ ಬರುತ್ತೇನೆ.

ಮೊದಲ ಕಾರ್ಯಕ್ರಮ 2022ರ ಡಿಸೆಂಬರ್ 9ಕ್ಕೆ, ಹಾಸನದಲ್ಲಿ. ವಿಶ್ವಸಂಸ್ಥೆ ನರಮೇಧದ ಒಪ್ಪಂದವನ್ನು ಅಂಗೀಕರಿಸಿದ್ದು 1948ರ ಅದೇ ದಿನ, ಹಾಗಾಗಿ ದಿನಾಂಕ ಚೆನ್ನಾಗಿದೆ ಅಂದುಕೊಂಡೆ. ಹಾಲ್ ಬಾಡಿಗೆ, ಮೈಕು, ಪ್ರೊಜೆಕ್ಟರು, ನಾಲ್ಕು ಫ್ಲೆಕ್ಸು, ಅರವತ್ತು ಜನಕ್ಕೆ ಊಟ, ಎಲ್ಲ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ. ಬಂದವರು ಇಪ್ಪತ್ತೆರಡು ಜನ. ಅದರಲ್ಲಿ ಆರು ಜನ ನಮ್ಮ ಮನೆಯವರೇ. ಉಳಿದ ಊಟವನ್ನು ಒಂದು ಹಾಸ್ಟೆಲ್‌ಗೆ ಸಾಗಿಸಿದೆವು. ನಾನೇ ಕಾಫಿ ಬೆಳೆಗಾರ. ಡಿಸೆಂಬರ್ ಅಂದರೆ ಹಣ್ಣು ಕೊಯ್ಲು, ಆಳು ಸಿಗದ ಕಾಲ, ಯಾರು ತೋಟ ಬಿಟ್ಟು ಬರ್ತಾರೆ? ಇಷ್ಟು ನನ್ನ ತಲೆಗೆ ಹೊಳೆಯಲಿಲ್ಲ ನೋಡಿ. ಮುಂದಿನ ವರ್ಷವೂ ಹಠಕ್ಕೆ ಅದೇ ದಿನ ಮಾಡಿದೆ, ಈ ಸಲ ಸಕಲೇಶಪುರದಲ್ಲಿ. ಹನ್ನೊಂದು ಸಾವಿರ ಹೋಯಿತು. ಹದಿನಾಲ್ಕು ಜನ.

ಬಂದವರೂ ಎರಡೇ ಪ್ರಶ್ನೆ ಕೇಳಿದರು. ಒಂದು, 'ನೀವು ಯಾವ ಪಾರ್ಟಿ?' ಇನ್ನೊಂದು, 'ಆಫ್ರಿಕಾದಲ್ಲಿ ಸತ್ತರೆ ನಮಗೇನ್ರೀ, ಮೊದ್ಲು ಇಲ್ಲಿ ಆನೆ ಓಡ್ಸಿ.' ಎರಡನೆಯದು ಕೇಳಿದವನು ನನ್ನ ಜೊತೆ ಓದಿದ ಗೆಳೆಯ, ಪಕ್ಕದ ತೋಟದವನು. ಅವನ ತೋಟದಲ್ಲಿ ಅದೇ ವಾರ ಆನೆ ಹಿಂಡು ಇಳಿದು ಪೈಪ್‌ಲೈನ್ ತುಳಿದು ಹಾಕಿತ್ತು. ಸಿಟ್ಟು ಬಂತು, ಆದರೆ ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ಕಾಫಿಯಲ್ಲೇ. 1994ರಲ್ಲಿ ಟುಟ್ಸಿ ಜನಾಂಗದ ನರಮೇಧ ನಡೆದ ಆಫ್ರಿಕಾದ ರುವಾಂಡಾ ನಮ್ಮ ಹಾಗೇ ಗುಡ್ಡಗಾಡು. ಸಾವಿರ ಗುಡ್ಡಗಳ ನಾಡು ಅಂತಲೇ ಕರೆಯುತ್ತಾರೆ. ವಿಸ್ತೀರ್ಣದಲ್ಲಿ ಹಾಸನದಂಥ ನಾಲ್ಕು ಜಿಲ್ಲೆ ಸೇರಿಸಿದರೆ ಅದಕ್ಕೆ ಹತ್ತಿರ. ಬೆಳೆಯೋದು ಕಾಫಿ, ಎಲ್ಲರೂ ಸಣ್ಣ ಹಿಡುವಳಿದಾರರೇ. 1989ರಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕು ಅನ್ನುವ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬೆಲೆ ನೆಲ ಕಚ್ಚಿದಾಗ ಅಲ್ಲಿನ ರೈತರೂ ಮುಳುಗಿದರು. ಅದೇ ಕಾರಣಕ್ಕೆ ಕೊಲೆ ನಡೆಯಿತು ಅಂತ ನಾನು ಹೇಳುವುದಿಲ್ಲ. ಮೊದಲೇ ಹೊಗೆಯಾಡುತ್ತಿದ್ದ ದ್ವೇಷವಿತ್ತು, ಯುದ್ಧವಿತ್ತು, ಟುಟ್ಸಿಗಳನ್ನು ಜಿರಲೆ ಎಂದು ಕರೆಯುವ ರೇಡಿಯೋ ಇತ್ತು. ಆದರೆ ಬೆಳೆಗಾರರ ಮುಂದೆ ಮಾತು ಶುರು ಮಾಡೋಕೆ 89ರ ಬೆಲೆ ಸಾಕು. ಆ ವರ್ಷ ಮರೆತ ಬೆಳೆಗಾರ ನಮ್ಮಲ್ಲಿ ಯಾರಿದ್ದಾರೆ?

ಅದಕ್ಕಿಂತ ಗಟ್ಟಿ ಕೊಂಡಿ 1994. ಆ ವರ್ಷ ಜೂನ್ ಕೊನೆ, ಜುಲೈ ಮೊದಲ ಭಾಗದಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋದವು, ನಮ್ಮ ರೇಟು ಹಾರಿತು. ನಮ್ಮ ಕಡೆ ಆ ದುಡ್ಡಲ್ಲಿ ಜೀಪು ಕೊಂಡವರಿದ್ದಾರೆ, ಮನೆ ಕಟ್ಟಿದವರಿದ್ದಾರೆ. ರುವಾಂಡಾದಲ್ಲಿ ಕೊಲೆ ನಡೆದದ್ದು ಅದೇ ವರ್ಷ ಏಪ್ರಿಲ್ 7ರಿಂದ ಜುಲೈ ಮಧ್ಯದವರೆಗೆ. ನೂರು ದಿನ, ಎಂಟು ಲಕ್ಷಕ್ಕೂ ಹೆಚ್ಚು ಜನ. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಹದಿನೇಳೂಮುಕ್ಕಾಲು ಲಕ್ಷ. ಲೆಕ್ಕ ನೀವೇ ಹಾಕಿಕೊಳ್ಳಿ.

ಆ ಸಂಖ್ಯೆ ಬಾಯಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ಮೊದಲು ಮಣ್ಣಿನ ಹಣತೆ ಯೋಚಿಸಿದೆ. ಸತ್ತ ಒಬ್ಬೊಬ್ಬರಿಗೆ ಒಂದರಂತೆ ದಿನಕ್ಕೆ ಎಂಟು ಸಾವಿರ ಹಣತೆ, ದುಡ್ಡು ಎಲ್ಲಿಂದ ತರೋದು? ಹೊಳೆಯ ಕಲ್ಲು ಆರಿಸಿದೆ, ಸೊಂಟ ಹಿಡಿಯಿತು. ಒಂದು ರಾತ್ರಿ ಸುಮ್ನೆ ಕ್ಯೂರಿಂಗ್ ಆದ, ಅಂದರೆ ಸಿಪ್ಪೆ ಬಿಡಿಸಿದ ಅರೇಬಿಕಾ ಕಾಫಿ ಬೀಜ ನೂರು ಎಣಿಸಿದೆ. ಬೆಳಿಗ್ಗೆ ಪೇಟೆಯಲ್ಲಿ ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟೆ. ಹದಿನಾರು ಗ್ರಾಂ. ಅಂಗಡಿಯವರು ನಕ್ಕರು. ದಿನಕ್ಕೆ ಎಂಟು ಸಾವಿರ ಬೀಜ ಅಂದರೆ ಒಂದೂಕಾಲು ಕೆಜಿ ಮೇಲೆ ಚೂರು. ನೂರು ದಿನಕ್ಕೆ ನೂರಿಪ್ಪತ್ತೆಂಟು ಕೆಜಿ. ಐವತ್ತು ಕೆಜಿಯ ಮೂಟೆಯಲ್ಲಿ ಎರಡೂವರೆ. (ಪಿ.ಬಿ. ಅನ್ನುವ ದುಂಡು ಬೀಜದಲ್ಲೂ, ರೋಬಸ್ಟಾ ಕಾಫಿಯಲ್ಲೂ ತೂಗಿ ನೋಡಿದೆ, ಲೆಕ್ಕ ಬೇರೆ ಬರುತ್ತದೆ. ನೀವು ಮಾಡುವುದಾದರೆ ನಿಮ್ಮ ಬೀಜವನ್ನು ನೀವೇ ಎಣಿಸಿ.)

2024ರ ಏಪ್ರಿಲ್ 7, ಭಾನುವಾರ, ಘಟನೆಗೆ ಸರಿಯಾಗಿ ಮೂವತ್ತು ವರ್ಷ. ಚುನಾವಣೆಯ ನೀತಿ ಸಂಹಿತೆ ಬೇರೆ. ಸಭೆ, ಮೈಕು, ಫ್ಲೆಕ್ಸು ಅಂದರೆ ಪರ್ಮಿಷನ್ ತಲೆನೋವು. ಹಾಗಾಗಿ ನಮ್ಮ ಮನೆಯ ಕಣದಲ್ಲೇ ನೆಂಟರು, ಅಕ್ಕಪಕ್ಕದ ತೋಟದವರು, ಕೆಲಸದವರು ಸೇರಿ ನಲವತ್ತು ಜನ. ಕೊಯ್ಲು ಮುಗಿದಿತ್ತು, ಎಲ್ಲರಿಗೂ ಪುರುಸೊತ್ತಿತ್ತು. ಖರ್ಚು ಮೂರು ಸಾವಿರ, ಅದೂ ಕಡುಬು ಮತ್ತು ಕೋಳಿ ಸಾರಿಗೆ.

ಮೊದಲು ಕೇಳಿದ್ದು ಒಂದೇ: '94ರಲ್ಲಿ ನಿಮಗೆ ಏನು ರೇಟು ಸಿಕ್ತು?' ಕಾಲು ಗಂಟೆ ಯಾರೂ ಬಾಯಿ ಮುಚ್ಚಲಿಲ್ಲ. ಆಮೇಲೆ ಮೂಟೆ ಬಿಚ್ಚಿದೆ. ಒಬ್ಬೊಬ್ಬರಾಗಿ ಬಂದು ಒಂದು ಪಾತ್ರೆ ಬೀಜ ಕಣಕ್ಕೆ ಸುರಿಯಬೇಕು, ದಿನದ ಸಂಖ್ಯೆ ಹೇಳಬೇಕು. ಒಂದು, ಎರಡು, ಮೂರು. ಹದಿನೈದನೇ ಪಾತ್ರೆಗೆ ನಿಲ್ಲಿಸಿದೆ. 'ಇವತ್ತು ಏಪ್ರಿಲ್ 21. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್ಲಿದ್ದ ತನ್ನ ಶಾಂತಿಪಡೆಯ ಎರಡೂವರೆ ಸಾವಿರ ಸೈನಿಕರನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು' ಎಂದೆ. ಜನವರಿ 11ಕ್ಕೇ ಅಲ್ಲಿನ ಪಡೆಯ ಕಮಾಂಡರ್ ರೋಮಿಯೊ ಡಲೇರ್, ಕೊಲ್ಲಲು ಪಟ್ಟಿ ತಯಾರಾಗ್ತಿದೆ ಅಂತ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ತಿಳಿಸಿದ್ದರು ಅಂತಲೂ ಹೇಳಿದೆ. ಮತ್ತೆ ಸುರಿದರು. ಐವತ್ತು ದಾಟುವಾಗ ಮಾತು ನಿಂತಿತ್ತು. ಕಾಂಕ್ರೀಟಿನ ಮೇಲೆ ಬೀಜ ಬೀಳುವ ಸದ್ದು ಮಾತ್ರ. ಎಂಬತ್ತನೇ ಪಾತ್ರೆಯ ಹೊತ್ತಿಗೆ, 'ಈಗ ಬ್ರೆಜಿಲ್‌ನಲ್ಲಿ ಹಿಮ ಬಿತ್ತು' ಎಂದೆ. ಜೀಪು ಕೊಂಡಿದ್ದ ನಮ್ಮ ದೊಡ್ಡಪ್ಪ ಎದ್ದು ಒಳಗೆ ಹೋದರು.

ನಿಜ ಹೇಳಬೇಕೆಂದರೆ ದಿನಕ್ಕೆ ಸಮನಾಗಿ ಹಂಚಿದ್ದು ನನ್ನ ಅನುಕೂಲಕ್ಕೆ. ಮೊದಲ ವಾರಗಳಲ್ಲೇ ಸತ್ತವರು ಜಾಸ್ತಿ. ಅದನ್ನೂ ಹೇಳಿಯೇ ಸುರಿಸಿದೆ.

ಅಲ್ಲಿಂದ ಲೀಡರ್ ತನಕ ಹೋಗಿದ್ದು ಪೋಸ್ಟ್‌ಕಾರ್ಡಿನಲ್ಲಿ. ಅಮೆರಿಕದಲ್ಲಿ ಪ್ರಾಕ್ಸ್‌ಮೈರ್ ಅಂತ ಒಬ್ಬ ಸೆನೆಟರ್ ಇದ್ದರು. ನರಮೇಧದ ಒಪ್ಪಂದಕ್ಕೆ ತಮ್ಮ ದೇಶ ಒಪ್ಪಿಗೆ ಕೊಡಲಿ ಅಂತ 1967ರಿಂದ ಹತ್ತೊಂಬತ್ತು ವರ್ಷ, ಸೆನೆಟ್ ಸೇರಿದ ದಿನವೆಲ್ಲ ಒಂದೊಂದು ಭಾಷಣ. ಒಟ್ಟು 3,211. ನನಗೆ ಭಾಷಣ ಬರಲ್ಲ, ಕಾರ್ಡು ಬರುತ್ತೆ. ಐವತ್ತು ಪೈಸೆ. ನೂರು ದಿನ ದಿನಕ್ಕೊಂದು, ಒಬ್ಬರೇ ಜನಪ್ರತಿನಿಧಿಗೆ. ಕಾರ್ಡಿನಲ್ಲಿ ದಿನದ ಸಂಖ್ಯೆ, ಅಲ್ಲಿವರೆಗೆ ಸತ್ತವರ ಲೆಕ್ಕ, ಕೆಳಗೆ ಒಂದು ಸಾಲು. ಮೊದಲ ಹತ್ತಕ್ಕೆ ಫೆವಿಕಾಲ್ ಹಾಕಿ ಒಂದೊಂದು ಬೀಜ ಅಂಟಿಸಿದ್ದೆ. ಸೀಲ್ ಹೊಡೆದಾಗ ಬೀಜ ಒಡೆದು ಹೋಗುತ್ತೆ, ಮುದ್ರೆ ಬೀಳಲ್ಲ ಅಂತ ಪೋಸ್ಟ್ ಆಫೀಸಿನವರು ಬೈದರು. ಸರಿ ಅಂತ ಬಿಟ್ಟೆ. ಅರವತ್ತು ಚಿಲ್ಲರೆ ಕಾರ್ಡಿಗೆ ಪಿ.ಎ. ಫೋನ್ ಬಂತು: 'ಸಾರ್, ಏನ್ ಬೇಕು ನಿಮ್ಗೆ?'

ಇಲ್ಲೇ ಎಲ್ಲರೂ ಸೋಲುವುದು. 'ಜಾಗೃತಿ ಮೂಡಿಸಿ' ಅಂದರೆ ಯಾವ ಲೀಡರೂ ಏನೂ ಮಾಡಲ್ಲ. ಸುಮ್ಮನಿದ್ದರೆ ಅವರಿಗೆ ನಷ್ಟವಿಲ್ಲವಲ್ಲ. ಒಂದೇ ಕೆಲಸ ಕೇಳಬೇಕು, ಕಾಗದ ನಾವೇ ಟೈಪ್ ಮಾಡಿ ಒಯ್ಯಬೇಕು. ನಮ್ಮದರಲ್ಲಿ ಮೂರೇ ಮಾತು. 1946ರಲ್ಲಿ ಈ ವಿಷಯವನ್ನು ವಿಶ್ವಸಂಸ್ಥೆಯ ಮುಂದೆ ತಂದ ಮೂರು ದೇಶಗಳಲ್ಲಿ ಭಾರತವೂ ಒಂದು, ಕ್ಯೂಬಾ, ಪನಾಮಾ ಜೊತೆ. 1959ರ ಆಗಸ್ಟ್ 27ಕ್ಕೆ ನಾವು ಒಪ್ಪಂದಕ್ಕೆ ಅನುಮೋದನೆ ಕೊಟ್ಟೆವು. ಆದರೆ ಇವತ್ತಿಗೂ ನರಮೇಧಕ್ಕೆ ಪ್ರತ್ಯೇಕ ಕಾನೂನಿಲ್ಲ, 2018ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ತೀರ್ಪಿನಲ್ಲೇ ಎತ್ತಿ ಹೇಳಿದೆ. 'ಯಾವ ಪಾರ್ಟಿ' ಪ್ರಶ್ನೆಗೆ ಮೊದಲ ಮಾತೇ ಉತ್ತರವಾಯಿತು. ಒಂದು ವಿಷಯ ನಾನೇ ಹುಡುಕಿದ್ದು, ಸ್ವಲ್ಪ ಜಂಬ ಇರಲಿ: ನರಮೇಧಕ್ಕೆ 'ಜೆನೊಸೈಡ್' ಎಂಬ ಪದ ಹುಟ್ಟಿಸಿ, ಆ ಒಪ್ಪಂದಕ್ಕಾಗಿ ದೇಶ ದೇಶಕ್ಕೆ ಕಾಗದ ಬರೆದು ಬಡವನಾದ ರಫೇಲ್ ಲೆಮ್ಕಿನ್ ತೀರಿಕೊಂಡದ್ದು ಭಾರತ ಅನುಮೋದನೆ ಕೊಟ್ಟ ಮಾರನೇ ದಿನ. ಪಿ.ಎ.ಗೆ ಇದನ್ನು ಹೇಳಿದಾಗ ಆತ ಪೆನ್ನು ಕೆಳಗಿಟ್ಟ.

ಪಿ.ಎ.ಯನ್ನು ದಾಟಿ ಒಳಗೆ ಹೋದದ್ದು ಹೇಗೆ, ಯಾವ ವಾರ ಹೋದರೆ ಸಹಿ ಬೀಳುತ್ತೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಮನೆಗೆ ಬಂದರೆ ಹೇಳುತ್ತೇನೆ.

2025ರ ಏಪ್ರಿಲ್ 7ಕ್ಕೆ ಆ ಜನಪ್ರತಿನಿಧಿಯೇ ಕಣಕ್ಕೆ ಬಂದರು. ಆಗ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣ ಬೀಜ) ಮೂಟೆಗೆ ಇಪ್ಪತ್ತು ಸಾವಿರ ದಾಟಿತ್ತು. 'ಈ ರೇಟಲ್ಲಿ ಬೀಜ ನೆಲಕ್ಕೆ ಸುರೀತೀಯಲ್ಲೋ' ಅಂತ ಗೆಳೆಯ ರೇಗಿಸಿದ. ಸುರಿದದ್ದನ್ನು ಗುಡಿಸಿ, ಆರಿಸಿ, ಮತ್ತೆ ಮೂಟೆ ಕಟ್ಟಿ ಮಾರುತ್ತೇನೆ ಮಾರಾಯ, ನಷ್ಟ ಏನಿದ್ದರೂ ಎರಡು ಕೆಜಿ. ಲೀಡರ್ ನಾಲ್ಕು ಪಾತ್ರೆ ಸುರಿದರು, ಐದನೆಯದಕ್ಕೆ ಕೈ ತಡೆದು ರಾಶಿಯೊಳಗೆ ಮುಂಗೈ ತನಕ ಇಳಿಸಿ ನೋಡಿದರು. ಭಾಷಣ ಮಾಡಲಿಲ್ಲ. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ದೆಹಲಿಯಿಂದ ಎರಡು ತಿಂಗಳ ಮೇಲೆ ಉತ್ತರ ಬಂತು, 'ಪರಿಶೀಲಿಸಲಾಗುವುದು' ಅಂತ, ಒಂದು ಫೈಲ್ ನಂಬರ್ ಜೊತೆ. ಅಷ್ಟೇನಾ ಅನ್ನಬೇಡಿ. ಆ ನಂಬರ್ ಹಿಡಿದು ಮುಂದಿನ ಪತ್ರ ಹೋಗಿದೆ.

ಆ ಉತ್ತರ ಬಂದ ವಾರ ಗೆಳೆಯ ಮನೆಗೆ ಬಂದ. ಪತ್ರದ ಜೆರಾಕ್ಸ್ ಬೇಕಂತೆ, ಆನೆ ಹಾವಳಿಗೆ ಅದೇ ಮಾದರಿಯಲ್ಲಿ ಬರೆಯಬೇಕಂತೆ. ಕಾರ್ಡು ಎಷ್ಟು ಹಾಕಬೇಕು ಅಂತ ಕೇಳಿದ. ನೂರು ಅಂದೆ.

'ಆನೆಗೆ ನೂರು ಸಾಲಲ್ಲ ಕಣೋ' ಅಂದ.