ಉಜ್ಬೆಕ್ ಅಡ್ಡಹೆಸರನ್ನು ಬಿಡಿಸಿ ಓದುವ ಬಗೆ

ಉಜ್ಬೆಕ್ ಅಡ್ಡಹೆಸರಿನ ಅರ್ಥ ತಿಳಿಯಬೇಕಾದರೆ ಅದನ್ನು ತುದಿಯಿಂದ ಬಿಡಿಸಲು ತೊಡಗಬೇಕು. ಕರಿಮೊವ್, ಅಲಿಯೆವ್ ಮುಂತಾದವುಗಳ ಕೊನೆಯ ‘ಒವ್’, ‘ಎವ್’ಗಳು ರಷ್ಯನ್ ಪ್ರತ್ಯಯಗಳು, ಹೆಂಗಸರ ಹೆಸರಿನಲ್ಲಿ ಅವು ‘ಒವಾ’, ‘ಎವಾ’ ಆಗುತ್ತವೆ. 1865ರಲ್ಲಿ ತಾಷ್ಕೆಂಟ್ ರಷ್ಯನ್ ಸೇನೆಯ ವಶವಾದ ಬಳಿಕ ಒಳಬಂದ ಈ ಪದ್ಧತಿ, ಸೋವಿಯತ್ ಆಡಳಿತ ಎಲ್ಲರ ಹೆಸರನ್ನೂ ದಾಖಲೆಗೆ ಸೇರಿಸಿದಾಗ ಬೇರೂರಿತು. ಅದಕ್ಕೆ ಮೊದಲು ಜನಸಾಮಾನ್ಯರು ತಂದೆಯ ಹೆಸರಿನಿಂದಲೇ ಗುರುತಾಗುತ್ತಿದ್ದರು. ವಿದ್ವಾಂಸರಿಗೆ ಬುಖಾರಿ, ಖ್ವಾರಿಜ್ಮಿ, ತಿರ್ಮಿಜಿ ಎಂದು ಊರು ಅಥವಾ ಸೀಮೆಯ ಹೆಸರು ಅಂಟುತ್ತಿತ್ತು.

ರಷ್ಯನ್ ಬಾಲವನ್ನು ಕಳಚಿದರೆ ಉಳಿಯುವುದು ಸಾಮಾನ್ಯವಾಗಿ ತಂದೆಯ, ಅಜ್ಜನ ಅಥವಾ ಅವರಿಗೂ ಹಿಂದಿನ ಹಿರಿಯರೊಬ್ಬರ ಸ್ವಂತ ಹೆಸರು. ಅದರಲ್ಲಿ ಮತ್ತೆ ಒಂದು ಜೋಡಣೆ ಇದೆಯೇ ಎಂದು ನೋಡಬೇಕು: ‘ಜಾನ್’ ಅಕ್ಕರೆಯನ್ನೂ, ‘ಬೆಕ್’ ಒಡೆತನವನ್ನೂ, ‘ಬೊಯ್’ ಸಿರಿವಂತಿಕೆಯನ್ನೂ, ‘ಕುಲ್’ ಸೇವಕನನ್ನೂ ಸೂಚಿಸುತ್ತವೆ; ‘ಮತ್’ ಎಂಬುದು ಮುಹಮ್ಮದ್ ಎಂಬ ಹೆಸರೇ ಸವೆದು ಉಳಿದ ರೂಪ. ಹೀಗೆ ತೊಷ್ಮತೊವ್ ಎಂಬುದರಲ್ಲಿ ಕಲ್ಲು ಎಂಬರ್ಥದ ‘ತೊಷ್’ ಮತ್ತು ಪ್ರವಾದಿಯ ಹೆಸರು ಕೂಡಿವೆ. 2021ರ ವಿಶ್ವ ರ‍್ಯಾಪಿಡ್ ಚೆಸ್ ಚಾಂಪಿಯನ್ ನೊದಿರ್ಬೆಕ್ ಅಬ್ದುಸತ್ತೊರೊವ್ ಅವರ ಅಡ್ಡಹೆಸರಿನಲ್ಲಿ ‘ತಪ್ಪುಗಳನ್ನು ಮರೆಮಾಡುವ ದೇವರ ಸೇವಕ’ ಎಂಬ ಅರಬ್ಬಿ ಹೆಸರಿದೆ; ಅಧ್ಯಕ್ಷ ಮಿರ್ಜಿಯೊಯೆವ್ ಅವರ ಹೆಸರಿನ ನಡುವೆ ಬೆಳಕು ಎಂಬರ್ಥದ ‘ಜಿಯೊ’ ಇದೆ.

ಅರಬ್ಬಿ ಮೂಲದ ಹೆಸರುಗಳನ್ನು ನಿಘಂಟಿನಿಂದಲೇ ಬಿಡಿಸಬಹುದು. ತುರ್ಕಿ ಮೂಲದವುಗಳ ಹಿಂದೆ ಮಗು ಹುಟ್ಟಿದ ಸಂದರ್ಭವೇ ಅಡಗಿರುವುದರಿಂದ ಅಲ್ಲಿ ನಿಧಾನಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತುರ್ಸುನೊವ್‌ನ ‘ತುರ್ಸುನ್’ ಎಂದರೆ ‘ಉಳಿಯಲಿ’. ತೊಖ್ತಾಯೆವ್‌ನ ‘ತೊಖ್ತಾ’ ಎಂದರೆ ‘ನಿಲ್ಲು’. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮನೆಗಳಲ್ಲಿ ಇಂಥ ಹೆಸರಿಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಉಳಿಯದ ಮನೆಯವರು ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯನೆಂದು ಕರೆದದ್ದು ಇದೇ ಸಂಕಟದಿಂದ. ಖುದೊಯ್‌ಬೆರ್ದಿಯೆವ್ ಎಂಬುದರಲ್ಲಿ ‘ದೇವರು ಕೊಟ್ಟ’ ಎಂಬ ಕೃತಜ್ಞತೆಯಿದೆ. ಶುಕ್ರವಾರ ಹುಟ್ಟಿದವನ ವಂಶ ಜುಮಾಯೆವ್, ಉಪವಾಸದ ತಿಂಗಳಲ್ಲಿ ಹುಟ್ಟಿದವನದು ರೊಜಿಯೆವ್, ಹಬ್ಬದಂದು ಹುಟ್ಟಿದವನದು ಹಯಿತೊವ್. ಮೈಮೇಲೆ ಮಚ್ಚೆಯಿದ್ದ ಮಗುವಿನ ನೆನಪು ಖೊಲ್ಮತೊವ್‌ನಲ್ಲಿ ಉಳಿದಿದೆ. ಅವಳಿ ಗಂಡುಮಕ್ಕಳಿಗೆ ಹಸನ್, ಹುಸನ್ ಎಂದಿಡುವ ವಾಡಿಕೆಯಿರುವುದರಿಂದ ಹುಸನೊವ್ ಎಂಬ ಮನೆತನದ ಮೂಲದಲ್ಲಿ ಅವಳಿಯೊಬ್ಬ ಇದ್ದಿರಬಹುದು. ಆದರೆ ಈ ಅರ್ಥಗಳೆಲ್ಲ ಆ ಹಿರಿಯನಿಗೆ ಸಲ್ಲತಕ್ಕವು. ಇಂದು ಹೆಸರು ಹೊತ್ತವರ ಗುಣವನ್ನಾಗಲಿ, ಹುಟ್ಟಿದ ದಿನವನ್ನಾಗಲಿ ಅವುಗಳಿಂದ ಊಹಿಸಬಾರದು.

ಬಿಡಿಸುವ ಮುನ್ನ ಕಾಗುಣಿತವನ್ನು ಪರಿಶೀಲಿಸಿಕೊಳ್ಳಬೇಕು. ರಷ್ಯನ್ ಬರಹದ ಮೂಲಕ ಬಂದ ಕಾಸಿಮ್ಜಾನೊವ್, ಯುಲ್ದಾಶೆವ್‌ಗಳು ಉಜ್ಬೆಕ್‌ನಲ್ಲಿ ಕೊಸಿಮ್ಜೊನೊವ್, ಯೊಲ್ದೊಶೆವ್ ಆಗಿರುತ್ತವೆ. ಉಜ್ಬೆಕ್ ರೂಪ ಸಿಕ್ಕಿದ ಮೇಲೆಯೇ ‘ಯೊಲ್ದೊಶ್’ ಎಂದರೆ ಒಡನಾಡಿ ಎಂದು ನಿಘಂಟಿನಲ್ಲಿ ದೊರೆಯುತ್ತದೆ. 1991ರ ಸ್ವಾತಂತ್ರ್ಯದ ಬಳಿಕ ರಷ್ಯನ್ ಬಾಲವನ್ನು ಬಿಟ್ಟವರೂ ಇದ್ದಾರೆ. ಅಂಥವರ ಹೆಸರಿನಲ್ಲಿ ಮೊದಲ ಹೆಜ್ಜೆಯ ಅಗತ್ಯವಿಲ್ಲ. ಪೂರ್ಣ ಹೆಸರಿನ ಕೊನೆಗೆ ಮಗ ಎಂಬರ್ಥದ ‘ಓಗ್ಲಿ’ ಅಥವಾ ಮಗಳು ಎಂಬರ್ಥದ ‘ಕಿಜಿ’ ಕಂಡರೆ, ಅದಕ್ಕೆ ಹಿಂದಿರುವುದು ಸಾಮಾನ್ಯವಾಗಿ ತಂದೆಯ ಹೆಸರೇ ಹೊರತು ಅಡ್ಡಹೆಸರಲ್ಲ.