ಸೋಡಿಯಂ 118 ಇದ್ದಾಗ ನಾನು ಹಾಕಿದ ತಪ್ಪು ಬಾಟಲಿ

ಆಗ ನಾನು ಕ್ಯಾನ್ಸರ್ ವಾರ್ಡಿಗೆ ಹೊಸಬ. ರಾತ್ರಿ ಡ್ಯೂಟಿ. ಸ್ಮಾಲ್ ಸೆಲ್ ಶ್ವಾಸಕೋಶದ ಕ್ಯಾನ್ಸರ್ ಅಂತ ಆ ವಾರವಷ್ಟೇ ಗೊತ್ತಾಗಿದ್ದ ಒಬ್ಬರನ್ನು ಮನೆಯವರು ಕರೆದುಕೊಂಡು ಬಂದರು. ಎರಡು ದಿನದಿಂದ ವಾಕರಿಕೆ, ತಲೆನೋವು. ಆವತ್ತು ಸಂಜೆಯಿಂದ ಮಾತು ಅಡ್ಡಾದಿಡ್ಡಿ, ಮಗನನ್ನು ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದರು. ಮಿದುಳಿಗೇ ಹರಡಿದೆ ಅಂದುಕೊಂಡೆ. ಸ್ಕ್ಯಾನ್ ಮಾಡಿಸಿದರೆ ಅಲ್ಲಿ ಏನೂ ಇಲ್ಲ. ರಕ್ತದಲ್ಲಿ ಸೋಡಿಯಂ ಮಾತ್ರ 118. ಇರಬೇಕಾದ್ದು 135ರಿಂದ 145.

ಉಪ್ಪು ಕಡಿಮೆ ಇದೆ, ಉಪ್ಪು ಕೊಟ್ಟರಾಯ್ತು ಅಲ್ವಾ? ನನ್ನ ತಲೆ ಓಡಿದ್ದು ಅಷ್ಟೇ. ನಾರ್ಮಲ್ ಸಲೈನ್ ಒಂದು ಲೀಟರ್ ಬರೆದು ಮುಂದಿನ ಹಾಸಿಗೆಗೆ ಹೋದೆ. ಬೆಳಗ್ಗೆ ನೋಡಿದರೆ 115. ಲ್ಯಾಬಿನವರು ಏನೋ ಎಡವಟ್ಟು ಮಾಡಿರಬೇಕು ಅಂತ ಇನ್ನೊಂದು ಸಲ ರಕ್ತ ಕಳಿಸಿದೆ. ಮತ್ತೆ 115.

ರೌಂಡ್ಸ್‌ಗೆ ಬಂದ ಸೀನಿಯರ್ ಮೇಡಂ ಬೈಯಲಿಲ್ಲ. "ಮೂತ್ರ ಕಳಿಸಿದ್ದೀರೇನಪ್ಪಾ?" ಅಂತ ಕೇಳಿದರು. ಕಳಿಸಿರಲಿಲ್ಲ.

ಕಳಿಸಿದ ಮೇಲೆ ಗೊತ್ತಾಯಿತು. ಮೂತ್ರದ ಆಸ್ಮೊಲಾಲಿಟಿ, ಅಂದರೆ ಮೂತ್ರ ಎಷ್ಟು ಗಟ್ಟಿ ಅನ್ನುವ ಅಳತೆ, 600ರ ಮೇಲೆ, ಅದರಲ್ಲಿ ಸೋಡಿಯಂ ಕೂಡ ಜಾಸ್ತಿ. ರಕ್ತ ಅಷ್ಟು ತೆಳುವಾಗಿರುವಾಗ ಕಿಡ್ನಿ ನೀರನ್ನು ಧಾರಾಳವಾಗಿ ಹೊರಗೆ ಬಿಡಬೇಕು. ಇವರ ಕಿಡ್ನಿ ನೀರನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಯಾಕೆಂದರೆ ಆ ಗೆಡ್ಡೆ ತಾನೇ ಎಡಿಎಚ್ ಹಾರ್ಮೋನ್ ತಯಾರಿಸುತ್ತಿತ್ತು. ನೀರು ಬಿಡಬೇಡ ಅಂತ ಕಿಡ್ನಿಗೆ ಹೇಳುವುದೇ ಆ ಹಾರ್ಮೋನ್. ಮಿದುಳು ಅದನ್ನು ಬೇಕಾದಾಗ ಬಿಡುತ್ತದೆ, ಬೇಡವಾದಾಗ ನಿಲ್ಲಿಸುತ್ತದೆ. ಗೆಡ್ಡೆಗೆ ಆ ಲೆಕ್ಕವೆಲ್ಲ ಎಲ್ಲಿ. ಇದಕ್ಕೆ ಎಸ್‌ಐಎಡಿಎಚ್ ಅಂತಾರೆ. ಸ್ಮಾಲ್ ಸೆಲ್ ಇರುವವರಲ್ಲಿ ಹೆಚ್ಚುಕಡಿಮೆ ನೂರಕ್ಕೆ 10ರಿಂದ 15 ಜನರಿಗೆ ಬರುತ್ತದೆ. 1957ರಲ್ಲಿ ಶ್ವಾರ್ಟ್ಜ್, ಬಾರ್ಟರ್ ಮತ್ತು ಜೊತೆಯವರು ಇದನ್ನು ಮೊದಲು ವಿವರಿಸಿದ್ದೂ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರನ್ನು ನೋಡಿಯೇ.

ನನ್ನ ಬಾಟಲಿ ಮಾಡಿದ್ದೇನು ಅಂತ ಮೇಡಂ ಚಾರ್ಟಿನ ಹಿಂದೆಯೇ ಲೆಕ್ಕ ಹಾಕಿ ತೋರಿಸಿದರು. ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ ಸೋಡಿಯಂ 154, ಕ್ಲೋರೈಡ್ 154, ಒಟ್ಟು 308. ಮೂತ್ರ 600ರಷ್ಟು ಗಟ್ಟಿ ಇದ್ದರೆ ಆ ಉಪ್ಪಷ್ಟನ್ನೂ ಕಿಡ್ನಿ ಅರ್ಧ ಲೀಟರ್ ಮೂತ್ರದಲ್ಲೇ ಹೊರಗೆ ಹಾಕಿಬಿಡುತ್ತದೆ. ಮಿಕ್ಕ ಅರ್ಧ ಲೀಟರ್ ಬರೀ ನೀರು, ಒಳಗೇ ಉಳಿಯಿತು. ಅದರ ಮೇಲೆ ಬಾಯಾರಿಕೆ ಅಂತ ಅವರು ರಾತ್ರಿಯೆಲ್ಲ ಕುಡಿದದ್ದು ಬೇರೆ. ಉಪ್ಪು ಕೊಟ್ಟೆ ಅಂದುಕೊಂಡು ನಾನು ನೀರು ಕೊಟ್ಟಿದ್ದೆ.

ಆವತ್ತು ಅವರಿಗೆ ಮಂಪರು ಜಾಸ್ತಿಯಾಗಿತ್ತು. ಫಿಟ್ಸ್ ಬರುವ ಮುಂಚೆ, ನಾರ್ಮಲ್ ಸಲೈನ್‌ನ ಮೂರು ಪಟ್ಟಿಗೂ ಹೆಚ್ಚು ಉಪ್ಪಿರುವ 3% ಸಲೈನ್ 100 ಮಿಲಿ, ಹತ್ತು ನಿಮಿಷದಲ್ಲಿ. ಆಮೇಲೆ ಇನ್ನೊಂದು. 119ಕ್ಕೆ ಬಂದಾಗಲೇ ಕಣ್ಣು ಬಿಟ್ಟು ಮಗನ ಸರಿಯಾದ ಹೆಸರು ಹೇಳಿದರು. ಸೋಡಿಯಂ ಇಳಿದಾಗ ನೀರು ಒಳಹೊಕ್ಕು ಮಿದುಳು ಊದಿಕೊಳ್ಳುತ್ತದೆ. ನಾಲ್ಕೈದು ಏರಿದರೆ ಸಾಕು, ಆ ಊತ ಅಷ್ಟರಲ್ಲೇ ಇಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಒಂದು ದಿನದಲ್ಲಿ 8ಕ್ಕಿಂತ ಜಾಸ್ತಿ ಏರಿಸಬಾರದು ಅಂತ ನಾನು ಈಗಲೂ ಚಾರ್ಟಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಅವಸರ ಮಾಡಿದರೆ ನರಗಳ ಹೊದಿಕೆ ಹಾಳಾಗಿ, ಕೆಲವು ದಿನ ಬಿಟ್ಟು ಮಾತು, ನುಂಗುವುದು, ಕೈಕಾಲು ಎಲ್ಲಕ್ಕೂ ಏಟು ಬೀಳಬಹುದು. ಹಾಗಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ ಸೋಡಿಯಂ ನೋಡುತ್ತೇನೆ. ಮೂತ್ರದ ಚೀಲ ಇದ್ದಕ್ಕಿದ್ದಂತೆ ತುಂಬತೊಡಗಿದರೆ ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ ಅಂತ ಸಿಸ್ಟರ್‌ಗೆ ಹೇಳಿಯೇ ಹೋಗುತ್ತೇನೆ. ಕಿಡ್ನಿ ನೀರನ್ನು ಒಮ್ಮೆಲೇ ಬಿಟ್ಟು ಸೋಡಿಯಂ ದಡದಡ ಏರುವುದು ಆಗಲೇ.

ಸೋಡಿಯಂ ಇಳಿದ ಪ್ರತಿ ಶ್ವಾಸಕೋಶದ ಕ್ಯಾನ್ಸರೂ ಎಸ್‌ಐಎಡಿಎಚ್ ಅಲ್ಲ. ಬಿಪಿಯ ಥಯಜೈಡ್ ಮಾತ್ರೆ ಇರಬಹುದು, ವಾಂತಿ ಇರಬಹುದು, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹರಡಿರಬಹುದು, ಇಮ್ಯುನೊಥೆರಪಿಯಿಂದ ಕಾರ್ಟಿಸಾಲ್ ಕುಸಿದಿರಬಹುದು. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಆದಮೇಲೆ ಕಿಡ್ನಿಯಿಂದ ಉಪ್ಪೇ ಸೋರಿ ದೇಹ ಒಣಗಿದವರಿಗೆ ನಾರ್ಮಲ್ ಸಲೈನೇ ಮದ್ದು. ಅದಕ್ಕೇ ಬಾಟಲಿಗಿಂತ ಮೊದಲು ಮೂತ್ರ ಕಳಿಸುತ್ತೇನೆ.

ಮುಂದಿನದು ನೀರು ಕಡಿಮೆ ಮಾಡುವುದು. ಬರೆಯುವುದು ಒಂದು ಸಾಲು, ಮಾಡುವುದು ನರಕ. ದಿನಕ್ಕೆ 800 ಮಿಲಿ ಅಂತ ಸುಮ್ನೆ ಹೇಳಿ ಹೋದರೆ ಯಾರಿಂದಲೂ ಆಗಲ್ಲ. ಬೆಳಗ್ಗೆಯೇ ಅಷ್ಟನ್ನು ಒಂದು ಬಾಟಲಿಗೆ ತುಂಬಿ, ಗೆರೆ ಎಳೆದು, ಮಾತ್ರೆ ನುಂಗುವ ಗುಟುಕೂ ಇದರಲ್ಲೇ ಅಂತ ಅವರ ಕೈಗೇ ಕೊಡುತ್ತೇವೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲಿ. ನಾವೇ ಮರೆಯುವುದು ಡ್ರಿಪ್: ಆಂಟಿಬಯಾಟಿಕ್ ಅನ್ನು 100 ಮಿಲಿಯಲ್ಲಿ ಬೆರೆಸಿ ದಿನಕ್ಕೆ ಮೂರು ಸಲ ಕೊಟ್ಟರೆ ಅಲ್ಲೇ 300 ಆಯಿತು! ಮೂತ್ರದ ಸೋಡಿಯಂ, ಪೊಟ್ಯಾಶಿಯಂ ಕೂಡಿಸಿದ್ದು ರಕ್ತದ ಸೋಡಿಯಂಗಿಂತ ಜಾಸ್ತಿ ಇದ್ದರೆ ನೀರು ಕಡಿಮೆ ಮಾಡಿ ಹಿಂಸೆ ಕೊಟ್ಟರೂ ಬರೀ ಅದರಿಂದ ಏನೂ ಏರುವುದಿಲ್ಲ. ಅಂಥವರಿಗೆ ಎಡಿಎಚ್ ಮಾತು ಕಿಡ್ನಿಗೆ ಕೇಳಿಸದಂತೆ ಮಾಡುವ ಟಾಲ್ವಾಪ್ಟಾನ್ ಮಾತ್ರೆ, 15 ಮಿಗ್ರಾಂ ಅಥವಾ ಅದಕ್ಕೂ ಕಡಿಮೆ, ಆಸ್ಪತ್ರೆಯಲ್ಲಿ ಇಟ್ಟುಕೊಂಡೇ. ಶುರು ಮಾಡಿದ ದಿನ ಮಾತ್ರ ನೀರಿಗೆ ಮಿತಿ ಹಾಕಬಾರದು, ಬಾಯಾರಿದಷ್ಟು ಕುಡಿಯಲಿ, ಇಲ್ಲದಿದ್ದರೆ ಅದೇ ದಡದಡ.

ನಿಜವಾದ ಮದ್ದು ಕೀಮೋ. ಸಿಸ್‌ಪ್ಲಾಟಿನ್ ಕೊಡಬೇಕೆಂದರೆ ಲೀಟರ್‌ಗಟ್ಟಲೆ ಡ್ರಿಪ್ ಬೇಕು. ಅದಕ್ಕೇ ಅವರಿಗೆ ಕಾರ್ಬೊಪ್ಲಾಟಿನ್ ಮತ್ತು ಎಟೊಪೊಸೈಡ್ ಕೊಟ್ಟೆವು. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಸೋಡಿಯಂ 136, ನೀರಿನ ಬಾಟಲಿ ಕಿಟಕಿಯ ಮೇಲೆ ಖಾಲಿ ಬಿದ್ದಿತ್ತು.

ಕೀಮೋ ಮುಗಿದ ಮೇಲೂ ತಿಂಗಳಿಗೊಮ್ಮೆ ಸೋಡಿಯಂ ಮಾಡಿಸಿ ನಂಬರ್ ಕಳಿಸಿ ಅಂತ ಹೇಳಿದ್ದೆ. ಕೆಲವು ತಿಂಗಳು 137, 136 ಅಂತ ಬರುತ್ತಿತ್ತು. ಒಂದು ದಿನ ಅವರೇ ಫೋನ್ ಮಾಡಿದರು. "ಡಾಕ್ಟ್ರೇ, 129 ಅಂತಿದೆ. ನಾನು ಆರಾಮಾಗೇ ಇದ್ದೀನಿ, ನೀರೂ ಜಾಸ್ತಿ ಕುಡಿದಿಲ್ಲ." ಮುಂದಿನ ಸ್ಕ್ಯಾನ್‌ಗೆ ಇನ್ನೂ ಐದು ವಾರ ಇತ್ತು. ನಾಳೆಯೇ ಬನ್ನಿ ಅಂದೆ.